ದೊರೆಯ ಎಡಗಿವಿ

ಮೆಂಫಿಸ್‌ನಿಂದ ದೋಣಿಯಲ್ಲಿ ಬಂದ ಹೊಸ ದೊರೆಯ ಮುಖದ ಮಾದರಿಯನ್ನು ಶಿಲ್ಪಿ ಹಾರ್ವ ಹುಲ್ಲಿನ ಕಟ್ಟಿನಿಂದ ಬಿಡಿಸಿದಾಗ, ಕಿವಿ ಮಾತ್ರ ಪುಡಿಪುಡಿಯಾಗಿ ಅಂಗೈಗೆ ಉದುರಿತು. ಗೇಣುದ್ದದ ಸುಣ್ಣಕಲ್ಲಿನ ಮಾದರಿ. ಊರೂರಿನ ಶಿಲ್ಪಿಗಳು ನೋಡಿ ಕೆತ್ತಲೆಂದು ಎಡಭಾಗವನ್ನಷ್ಟೇ ಪೂರ್ತಿ ಕಡೆದು, ಬಲಭಾಗವನ್ನು ಅಳತೆಯ ಗೆರೆಗಳೊಂದಿಗೆ ಹಾಗೇ ಬಿಟ್ಟಿದ್ದರು. ಇದ್ದದ್ದೇ ಒಂದು ಕಿವಿ, ಅದೂ ಹೋಯಿತು.

ದೊರೆಯನ್ನು ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಮಾದರಿ ತರಿಸಲು ಹೊತ್ತಿರಲಿಲ್ಲ. ನೈಲ್ ಉಕ್ಕುವುದರೊಳಗೆ ಗುಡಿಯ ಅಂಗಳದಲ್ಲಿ ಪ್ರತಿಮೆ ನಿಲ್ಲಬೇಕಿತ್ತು. ಹಾರ್ವ ಬೀದಿಯಲ್ಲಿ ಸಿಕ್ಕಸಿಕ್ಕವರ ಕಿವಿ ನೋಡುತ್ತ ಅಲೆದ. ಒಂದೂ ಹಿಡಿಸದೆ ಮನೆಗೆ ಬಂದರೆ, ಅತ್ತೆ ತಾಶೆರೆ ಹೆಂಡಕ್ಕೆಂದು ಬಾರ್ಲಿ ಹಿಟ್ಟು ನಾದುತ್ತಿದ್ದಳು. ಬೆವರೊರೆಸಲು ಕೂದಲನ್ನು ಹಿಂದೆ ಸರಿಸಿದಳು, ಎಡಗಿವಿ ಕಂಡಿತು. ಮದುವೆಯಾದಂದಿನಿಂದ ಆಕೆಯ ಬಾಯಿಗೆ ಹೆದರಿ ತಲೆತಗ್ಗಿಸಿಯೇ ಓಡಾಡಿದ್ದ ಹಾರ್ವ ಆ ಕಿವಿಯನ್ನು ನೋಡಿಯೇ ಇರಲಿಲ್ಲ.

“ಅತ್ತೆ, ಸ್ವಲ್ಪ ಅಲ್ಲಾಡ್ದೆ ಕೂತ್ಕೊಳ್ತೀರಾ? ನಿಮ್ಮ ಕಿವಿ ಬೇಕಿತ್ತು.”

“ಯಾಕೆ ಅಳಿಯಂದ್ರೇ, ನನ್ನ ಮಾತು ಕೇಳೋಕೆ ನಿಮ್ಮವು ಎರಡು ಸಾಲ್ದೆ ಹೋದ್ವಾ?”

“ನನಗಲ್ಲ, ದೊರೆಗೆ.”

“ಹಾಗಾದ್ರೆ ಈ ಹಿಟ್ಟು ನಿಮ್ಮ ದೊರೆ ಬಂದು ನಾದ್ತಾರಾ?” ಎಂದರೂ ಕತ್ತನ್ನು ಓರೆ ಮಾಡಿ ಕೊಟ್ಟಳು. ಕೈಯೂ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. ಹಾರ್ವ ಅಷ್ಟರಲ್ಲೇ ಗೆರೆ ಎಳೆದುಕೊಂಡ.

ಕೆಲಸ ಮುಗಿದ ಮೇಲೆ ಮೆಂಫಿಸ್‌ನಿಂದ ಮೇಲ್ವಿಚಾರಕ ಪದಿಹೋರ್ ಬಂದ. ಪ್ರತಿಮೆಯ ಎಡಗಡೆ ನಿಂತವನು ಕದಲಲೇ ಇಲ್ಲ.

“ಇದು ಮಾದರೀಲಿದ್ದ ಕಿವಿ ಅಲ್ವಲ್ಲಪ್ಪಾ. ಅದನ್ನ ಕೆತ್ತಿದ್ದು ನಾನೇ.”

“ಅದು ದೋಣೀಲೇ ಮುರಿದೋಗಿತ್ತು ಸ್ವಾಮಿ. ಇದು… ನಮ್ಮತ್ತೇದು.”

ಪದಿಹೋರ್ ಹೊಟ್ಟೆ ಕುಲುಕುವಂತೆ ನಕ್ಕ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ.

“ದೊರೆ ಕಿವಿ ನಾನೆಲ್ಲಿ ನೋಡಿದ್ದೀನಿ? ಹತ್ತಿರ ಬಿಟ್ಕೊಂಡ್ರೆ ತಾನೇ. ನಾನು ನಮ್ಮ ಮಾವಂದು ಕೆತ್ತಿದ್ದೆ. ಅದಕ್ಕಿಂತ ನಿಮ್ಮತ್ತೇದೇ ವಾಸಿ, ಇರಲಿ ಬಿಡು.”

ಹಬ್ಬದ ದಿನ ಅಂಗಳ ಎಲ್ಲರಿಗೂ ತೆರೆಯಿತು. ತಾಶೆರೆ ಪ್ರತಿಮೆಯ ಸುತ್ತ ಒಂದು ಬಾರಿ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಮೂಗು ಯಾರದು?”

“ದೊರೇದು ಅಂತಾರೆ.”

“ಅದಕ್ಕೇ ಕಿವಿಗೆ ಒಪ್ಪಿಲ್ಲ.”

ಹಾರ್ವನಿಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಎದುರಿಗೆ ಅವನು ಬಾಯಿಬಿಟ್ಟು ನಕ್ಕಿದ್ದು ಅದೇ ಮೊದಲು.