ಮಗ್ಗದ ಕೋಣೆಯ ಮೂರು ದೀಪ

ಕಾಗೆ ಗುಬ್ಬಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಒಬ್ಬ ರಾಣಿ ಊರಿಗೊಬ್ಬ ಓಟಗಾರನನ್ನು ಇಟ್ಟಿದ್ದಳಂತೆ. ಅವನು ಯಾರ ಓಲೆಯನ್ನೂ ಒಯ್ಯುತ್ತಿರಲಿಲ್ಲ, ಯಾರ ಗುಟ್ಟನ್ನೂ ಕೇಳುತ್ತಿರಲಿಲ್ಲ. ದೂರದೂರಿನ ಬಾಗಿಲು ತಟ್ಟಿ ಓಡಿ ಬರುವುದು, ದಾರಿ ಹೇಗಿತ್ತೆಂದು ರಾಣಿಗೆ ಹೇಳುವುದು, ಅಷ್ಟೇ. ಅಜ್ಜಿ ಬೋರಕ್ಕ ನನಗೆ ಹೇಳಿದ ಕಥೆ ಇದು.

ಮೊಳಕಾಲ್ಮುರಿನ ಜಯಕ್ಕನ ಮನೆಯಲ್ಲಿ ನಾನು ಇಟ್ಟುಬಂದ ಪುಟ್ಟ ಡಬ್ಬಿಯೂ ಅಂಥದೇ ಓಟಗಾರ. ಇಂಟರ್ನೆಟ್ ದಾರಿ ಅಳೆಯುವ ಇಂಥ ಡಬ್ಬಿಗಳನ್ನು ಲೋಕದ ತುಂಬ ಜನ ತಮ್ಮಿಷ್ಟದಿಂದ ಇಟ್ಟುಕೊಂಡಿದ್ದಾರೆ. ಚಳ್ಳಕೆರೆಯ ನಮ್ಮ ಮನೆಯಲ್ಲೂ ಒಂದಿದೆ. ಜಯಕ್ಕ ರೇಷ್ಮೆ ಸೀರೆ ನೇಯುವವರು. ವಿಡಿಯೊದಲ್ಲಿ ಸೆರಗು ತೋರಿಸುವ ಹೊತ್ತಿಗೇ ಚಿತ್ರ ನಿಂತುಹೋಗಿ ಗಿರಾಕಿಗಳು ಕೈಬಿಡುತ್ತಿದ್ದರು. ಇಂಟರ್ನೆಟ್ ಕೊಡುವ ಕೇಬಲ್‌ನವರು ಮಾತ್ರ ‘ನಮ್ ಲೈನ್ ಸರಿ ಐತೆ’ ಎನ್ನುತ್ತಿದ್ದರು. ‘ಲೈನ್ ಕೆಡೋದಕ್ಕೆ ಈ ಡಬ್ಬಿಯಿಂದ ಸಾಕ್ಷಿ ನಾನು ಕೊಡಿಸ್ತೀನಕ್ಕ’ ಎಂದು ಮಾತು ಕೊಟ್ಟಿದ್ದೆ.

ಆದರೆ ಡಬ್ಬಿ ಒಮ್ಮೆಯೂ ಎಲ್ಲ ಅಳತೆ ಕೂಡಿಸುವ ಕೇಂದ್ರಕ್ಕೆ ಸುದ್ದಿ ಮುಟ್ಟಿಸಲಿಲ್ಲ. ಇಂದು ಸಂಜೆಯೊಳಗೆ ಮುಟ್ಟಿಸದಿದ್ದರೆ ಅದು ಬೇರೆಯವರ ಪಾಲಾಗುತ್ತದೆ ಎಂದು ಡಬ್ಬಿ ಹಂಚುವವರ ಸಂದೇಶ ಬಂತು. ತಳಕು ಊರಿನ ಮೇಲೆ ಮೊಳಕಾಲ್ಮುರಿಗೆ ಹೋಗುವ ಬಸ್ಸು ಹಿಡಿದೆ.

ಮಗ್ಗದ ಕೋಣೆ ಕತ್ತಲಾಗಿತ್ತು. ಡಬ್ಬಿಯ ಮೂರೂ ದೀಪ ಉರಿಯುತ್ತಿರಲಿಲ್ಲ.

‘ಅಮಾಸೆ ಅಲ್ವೇನಮ್ಮಾಯಿ,’ ಎಂದರು ಜಯಕ್ಕ. ‘ಮಗ್ಗ ಮುಟ್ಟಲ್ಲ. ಕೋಣೆ ಕರೆಂಟೇ ತೆಗೀತೀವಿ.’

‘ಬೇರೆ ದಿನ?’

‘ಹಾಕ್ತೀನಿ. ಎರಡು ದೀಪ ನೆಟ್ಟಗೆ ಉರೀತಾವೆ. ಮೂರನೇದು ಒಂದೇ ಸಮ ರೆಪ್ಪೆ ಬಡೀತೈತೆ. ಪಾಪ, ಸುಸ್ತಾತೇನೋ ಅಂತ ಕಿತ್ತು ಮಲಗಿಸ್ತೀನಿ.’

ಅವರ ಗಂಡ ಹನುಮಂತರಾಯರು ಕಟ್ಟೆಯಿಂದಲೇ, ‘ನಂಗೆ ಸುಸ್ತಾದಾಗ ಹಿಂಗೆ ಮಲಗ್ಸಿದ್ಯೇನೆ?’ ಎಂದರು.

‘ಕೆಲ್ಸ ಮಾಡಿದ್ರಲ್ವಾ ಸುಸ್ತಾಗೋದು.’

ನಾನು ವಿವರಿಸಿದೆ. ಮೊದಲ ದೀಪವೆಂದರೆ ಕರೆಂಟು ಬಂತು. ಎರಡನೆಯದೆಂದರೆ ಮನೆಯ ಲೈನು ಸಿಕ್ಕಿತು. ಮೂರನೆಯದು ರೆಪ್ಪೆ ಬಡಿದರೆ ಕೇಂದ್ರದಿಂದ ಹೊಸ ಪಾಠ ಇಳಿಸಿಕೊಳ್ಳುತ್ತಿದೆ. ನಡುವೆ ಕಿತ್ತರೆ ಮತ್ತೆ ಮೊದಲಿಂದ. ಅದು ನೆಟ್ಟಗೆ ನಿಂತಾಗಲೇ ಓಟ ಶುರು.

ಜಯಕ್ಕನ ಮುಖ ಸಣ್ಣದಾಯಿತು. ‘ಅಂದ್ರೆ ದಿನಾ ನಾನೇ ಅಡ್ಡ ಬಂದ್ನಾ?’

‘ದಣಿದೋರನ್ನ ಮಲಗ್ಸೋದು ಅಡ್ಡ ಬರೋದೇನಕ್ಕ?’

‘ಈಗ ಹಾಕಾಣ ಅಂದ್ರೆ ನಮ್ಮತ್ತೆ ಕಾಲದ ನೇಮ. ಅಮಾಸೆ ದಿನ ದುಡಿಯೋದನ್ನ ದುಡಿಸ್ಬಾರ್ದು.’

ನೇಮ ಮುರಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹಿಂದಕ್ಕೊಯ್ಯಲೆಂದು ಡಬ್ಬಿಯ ವೈರು ಸುತ್ತತೊಡಗಿದೆ. ಜಯಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು.

‘ತಡಿ. ಇದು ಏನಾದ್ರೂ ನೇಯ್ತೈತಾ, ನೂಲ್ತೈತಾ?’

‘ಇಲ್ಲಕ್ಕ. ದಾರಿ ನೋಡ್ತಿರುತ್ತೆ.’

‘ಹಂಗಾದ್ರೆ ಕಾವಲಿನೋನು. ಕಾವಲಿಗೆ ಯಾವ ಅಮಾಸೆ? ಈ ಕೋಣೆ ಮಾತ್ರ ಬ್ಯಾಡ. ಅಡುಗೆಮನೆಗೆ ತಗಂಬಾ.’

ಹನುಮಂತರಾಯರು ಗೊಣಗುತ್ತಲೇ ಇಂಟರ್ನೆಟ್ ಕೇಬಲ್ಲನ್ನು ಅಡುಗೆಮನೆಯ ಕಿಟಕಿಯಿಂದ ಎಳೆದು ಕೊಟ್ಟರು. ಮಿಕ್ಸಿಯ ಸ್ವಿಚ್ ಬೋರ್ಡಿಗೆ ಮಗ್ಗದ ಕೋಣೆಯಿಂದ ತಂದ ರೂಟರನ್ನೂ ಡಬ್ಬಿಯನ್ನೂ ಸಿಕ್ಕಿಸಿದೆ. ಒಂದು ದೀಪ ಹತ್ತಿತು, ಎರಡನೆಯದೂ ಹತ್ತಿತು. ಮೂರನೆಯದು ರೆಪ್ಪೆ ಬಡಿಯತೊಡಗಿತು. ಜಯಕ್ಕನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

‘ಸಂಕಟ ಆಗ್ತೈತಮ್ಮಾಯಿ, ನೋಡಕ್ಕೆ.’

‘ನೋಡ್ಬೇಡಿ, ರೊಟ್ಟಿ ಬಡೀರಿ.’

ರೊಟ್ಟಿ ಬಡಿದರು. ತಿಂದೆವು. ‘ಈ ದೀಪ ನೆಟ್ಟಗೆ ನಿಲ್ಲೋದು ಉಗಾದಿಗೇನೋ,’ ಎಂದರು ಹನುಮಂತರಾಯರು. ಹಿತ್ತಲಿನ ಬಿಸಿಲು ಗೋಡೆ ಏರಿ ಕೆಂಪಗಾಗುವ ಹೊತ್ತಿಗೆ ಜಯಕ್ಕ ಮಾತು ನಿಲ್ಲಿಸಿ ಡಬ್ಬಿಯತ್ತ ಬಗ್ಗಿದರು.

ಮೂರನೆಯ ದೀಪ ಅಲುಗದೆ ನಿಂತಿತ್ತು. ಓಡುತ್ತಿರುವ ಡಬ್ಬಿಗಳನ್ನು ತೋರಿಸುವ ನನ್ನ ಫೋನಿನ ನಕಾಶೆಯಲ್ಲಿ, ಮೊಳಕಾಲ್ಮುರಿನ ಮೇಲೆ, ಒಂದು ಹಸಿರು ಚುಕ್ಕೆ ಮೂಡಿತು.