ಕಾಲು ತೊಳೆಯಲು ಹೋದವನು

ಬೆಟಗೇರಿಯ ನಮ್ಮ ಓಣಿಯಲ್ಲಿ ಆಗ ಸಿನಿಮಾ ನೋಡಿದ ಹೆಂಗಸರು ಇಬ್ಬರೇ. ಕೇಳಿದವರು ಮಾತ್ರ ಇಡೀ ಓಣಿ.

ಅದು ಹೀಗೆ. ಮಗ್ಗದ ಮನೆಯ ಹೆಂಗಸರೆಲ್ಲ ಗದಗಿಗೆ ಹೋಗಿ ಮೂರು ತಾಸು ಕತ್ತಲಲ್ಲಿ ಕೂತು ಬಂದರೆ ಸೀರೆ ನೇಯುವವರು ಯಾರು? ಅದಕ್ಕೆ ಓಣಿಯವರು ಒಂದು ದಾರಿ ಮಾಡಿಕೊಂಡಿದ್ದರು. ನೇಯ್ದ ಸೀರೆಗಳನ್ನು ಗದಗಿನ ಸಾಹುಕಾರರಿಗೆ ಮುಟ್ಟಿಸುವ ಕೆಲಸ ಅಮೃತವ್ವನದು. ಜೊತೆಗೆ ಮುದುಕಿ ತಿಪ್ಪವ್ವ. ಸೀರೆ ಕೊಟ್ಟಾದ ಮೇಲೆ ಇಬ್ಬರೂ ಓಣಿಯ ಖರ್ಚಿನಲ್ಲಿ ಮಧ್ಯಾಹ್ನದ ಆಟ ನೋಡಿ ಬರಬೇಕು. ಬಂದ ಮೇಲೆ ಅಮೃತವ್ವ ಆ ಸಿನಿಮಾವನ್ನು ವಾರಗಟ್ಟಲೆ ಹೇಳಬೇಕು. ಅವಳು ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತ ಹೇಳುವುದು, ಉಳಿದವರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಒಗೆಯುತ್ತ ಕೇಳುವುದು. ತಿಪ್ಪವ್ವ ಸಾಕ್ಷಿಗೆ. ದೀಪ ಆರಿದ ಕೂಡಲೇ ಆಕೆಗೆ ನಿದ್ದೆ ಹತ್ತುತ್ತಿತ್ತೆಂಬುದು ಓಣಿಗೆಲ್ಲ ಗೊತ್ತು. ಆದರೂ ಯಾರಾದರೂ ಹೌದೇನ ಆಯಿ ಎಂದು ಕೇಳಿದರೆ, ಖರೆ ಐತಿ, ನಾ ನೋಡೀನಲ್ಲ ಎಂದು ಗಂಭೀರವಾಗಿ ತಲೆಯಾಡಿಸುತ್ತಿದ್ದಳು.

ನಾನು ಕಣಗಿನಹಾಳದಿಂದ ಮಂಜವ್ವನ ಸೊಸೆಯಾಗಿ ಆ ಓಣಿಗೆ ಬಂದು ಆಗಿನ್ನೂ ಒಂದು ವರ್ಷ. ಅಮೃತವ್ವ ಹೇಳುವುದನ್ನು ಮೊದಲ ಸಲ ಕೇಳಿದಾಗ ನನ್ನ ಕೈಯೊಳಗಿನ ಎಳೆ ಕಡಿದುಹೋಗಿತ್ತು. ಅವಳಿಗೆ ಹಿಂದಿ ಬರುತ್ತಿರಲಿಲ್ಲ. ಬಂದರೆ ನಾಲ್ಕು ಮಾತು ಬಂದೀತು. ಮಂದಿಯ ಮುಖ ನೋಡಿ, ಕೈ ನೋಡಿ, ನಡಿಗೆ ನೋಡಿ ಕತೆ ಹಿಡಿಯುತ್ತಿದ್ದಳು. ಸಾಹುಕಾರನ ಕೆಮ್ಮು, ಅತ್ತೆಯ ಗದರಿಕೆ, ಕುದುರೆಯ ಕೆನೆತ, ಎಲ್ಲ ಅವಳ ಬಾಯಲ್ಲಿ ಬರುತ್ತಿದ್ದವು. ಎಲ್ಲಿಯಾದರೂ ಕತೆ ಹಾರಿಸಿದರೆ ನಮ್ಮತ್ತೆ ಮಂಜವ್ವ ಬಿಡುತ್ತಿರಲಿಲ್ಲ. ಆಗ ಆಕಿ ಉಟ್ಟ ಸೀರಿ ಯಾವದು, ಸೆರಗಿಗೆ ಏನಿತ್ತು ಎಂದು ಅಡ್ಡಪ್ರಶ್ನೆ ಹಾಕುತ್ತಿದ್ದಳು.

ಅಮೃತವ್ವನ ಗಂಡ ಅಂದಪ್ಪನನ್ನು ನಾನು ಕಂಡವಳಲ್ಲ. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದನಂತೆ. ಅರಮನೆ, ಕಾಡು, ಹೊಳೆ, ಏನು ಬೇಕಾದರೂ. ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಒಂದು ಕಂಪನಿಯ ಜೊತೆ ಕೊಲ್ಲಾಪುರದ ಕಡೆ ಹೋದ. ಕಂಪನಿ ಅಲ್ಲೇ ಒಡೆಯಿತು. ಅಲ್ಲಿ ಸಿನಿಮಾದವರಿಗೂ ಪರದೆ ಬರೆಯುವವರು ಬೇಕಂತೆ, ಸ್ವಲ್ಪ ದಿನ ನೋಡಿ ಬರುತ್ತೇನೆ ಎಂದು ಪತ್ರ ಬರೆದ. ಮೂರು ವರ್ಷ ಪತ್ರ ಬಂದವು. ಆಮೇಲೆ ಏಳು ವರ್ಷದಿಂದ ಏನೂ ಇಲ್ಲ. ಓಣಿಯವರು ಅವನ ಹೆಸರು ಎತ್ತುವುದನ್ನೇ ಬಿಟ್ಟಿದ್ದರು. ಕನ್ನಡ ಸೀಮೆಯೆಲ್ಲ ಒಂದಾಗುತ್ತದೆ, ನಾವು ಮುಂಬಯಿ ಬಿಟ್ಟು ಮೈಸೂರಿಗೆ ಕೂಡುತ್ತೇವೆ ಎಂದು ಗಂಡಸರು ಕಟ್ಟೆಯ ಮೇಲೆ ಸಂಭ್ರಮ ಪಡುತ್ತಿದ್ದ ವರ್ಷವದು. ಅಮೃತವ್ವ ಟಪಾಲಿನವನನ್ನು ಬಾಗಿಲಲ್ಲಿ ನಿಲ್ಲಿಸಿ ಒಂದೇ ಮಾತು ಕೇಳಿದ್ದಳು: ರಾಜ್ಯ ಬ್ಯಾರೆ ಆದಮ್ಯಾಲೂ ಕೊಲ್ಲಾಪುರದ ಪತ್ರ ಇಲ್ಲಿಗೆ ಬರತಾವೇನು?

ಹಿಂದಿನ ದೀಪಾವಳಿಯ ಸುಮಾರಿಗೆ ಅವಳು ಗದಗಿನಲ್ಲಿ ಒಂದು ಸಿನಿಮಾ ನೋಡಿ ಬಂದಳು. ಅದರೊಳಗೆ ಗಂಡ ಹೆಂಡತಿಯನ್ನು ಬಿಟ್ಟು ಊರೂರು ತಿರುಗಿ ಹನ್ನೆರಡು ವರ್ಷಕ್ಕೆ ಮರಳಿ ಬರುತ್ತಾನೆ. ಗದಗಿನ ಗಂಡಸರು ಆ ಕೊನೆಯ ಸೀನು ನೋಡಿ ಅತ್ತರೆಂದು ಸುದ್ದಿ ನಮ್ಮ ಓಣಿಗೂ ಬಂದಿತ್ತು. ಅಮೃತವ್ವ ಅದನ್ನು ನಮಗೆ ಹೇಳಿದ ದಿನ ಲಾಳಿ ಒಗೆಯುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ಹೆಂಡತಿ ಒಲೆಯ ಮುಂದೆ ಬಾಗಿಲಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬೇಯಿಸುತ್ತಿದ್ದಾಳೆ. ಗಂಡ ಹೊಸ್ತಿಲಲ್ಲಿ ಬಂದು ನಿಲ್ಲುತ್ತಾನೆ. ಕರೆಯುವುದಿಲ್ಲ. ಅವಳಿಗೆ ಗೊತ್ತಾಗುತ್ತದೆ. ತಿರುಗಿ ನೋಡುವುದಿಲ್ಲ, ಅಳುವುದಿಲ್ಲ, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದಿಲ್ಲ. ಇನ್ನೊಂದು ತಾಟು ತೆಗೆದು ತನ್ನ ತಾಟಿನ ಪಕ್ಕಕ್ಕಿಟ್ಟು, ಬೆಳಿಗ್ಗೆ ಹೊಲಕ್ಕೆ ಹೋಗಿ ಸಂಜೆ ಬಂದವನಿಗೆ ಹೇಳಿದ ಹಾಗೆ ಹೇಳುತ್ತಾಳೆ:

"ಕಾಲ ತೊಳಕೊಂಡ ಬರ್ರಿ. ರೊಟ್ಟಿ ಆರತಾವು."

ಆ ಮಾತು ಓಣಿಯ ಮಾತಾಯಿತು. ಸಂತೆಯಿಂದ ಗಂಡ ತಡವಾಗಿ ಬಂದರೆ, ತವರಿಗೆ ಹೋದ ಮಗಳು ಬಂದರೆ, ಮುನಿಸಿಕೊಂಡು ಹೋದ ಬೀಗರು ಬಂದರೆ, ಕಾಲ ತೊಳಕೊಂಡ ಬರ್ರಿ ಎನ್ನುವುದೇ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ತಂಗಿ ಬಾಗಿಲಿಗೆ ಬಂದಾಗ ನಮ್ಮತ್ತೆ ಇದನ್ನೇ ಅಂದು ಒಳಗೆ ಕರೆದುಕೊಂಡಳು.

ಬೇಸಗೆಯಲ್ಲಿ ಡೇರೆ ಸಿನಿಮಾದವರು ಬಂದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮುಗಿಸಿಕೊಂಡು ಬೆಟಗೇರಿಯ ಹೊರಗಿನ ಬಯಲಿನಲ್ಲಿ ಡೇರೆ ಹೊಡೆದರು. ಎತ್ತಿನ ಬಂಡಿಯ ಮೇಲೆ ತಮಟೆ ಬಾರಿಸುತ್ತ ಸಾರಿಕೊಂಡು ಹೋದರು. ಅದೇ ಸಿನಿಮಾ. ನಡೆದು ಹೋಗುವಷ್ಟು ಹತ್ತಿರ, ಸಂಜೆಯ ಆಟ, ಹೆಂಗಸರಿಗೆ ಬೇರೆ ಜಾಗ. ಈ ಸಲ ಕೇಳೂದ ಸಾಕು, ಕಣ್ಣಾರೆ ನೋಡೂಣು ಎಂದು ನಮ್ಮತ್ತೆಯೇ ಮುಂದಾಗಿ ಹದಿನೇಳು ಹೆಂಗಸರನ್ನು ಕೂಡಿಸಿದಳು.

ಮಧ್ಯಾಹ್ನ ಅಮೃತವ್ವ ನಮ್ಮ ಮನೆಗೆ ಬಂದು, ಸುಮಿತ್ರಾ, ಒಂಚೂರು ನನ್ನ ಜೋಡಿ ಬಾ ಎಂದಳು. ಡೇರೆಯ ಕಡೆ ಹೊರಟಳು. ದಾರಿಯಲ್ಲಿ, ನಾನು ಮುಖ ನೋಡುತ್ತೇನೆಂದು ತಲೆ ಬಗ್ಗಿಸಿಕೊಂಡೇ ಹೇಳಿದಳು. ಆ ಸೀನು ಹಾಗಿಲ್ಲ. ಸಿನಿಮಾದೊಳಗೆ ಗಂಡ ಹೊಸ್ತಿಲತನಕ ಬರುತ್ತಾನೆ, ಅವಳ ಬೆನ್ನು ನೋಡುತ್ತಾನೆ, ಒಳಗೆ ಬರುವ ಧೈರ್ಯವಾಗದೆ ತಿರುಗಿ ಹೋಗಿಬಿಡುತ್ತಾನೆ. ಅವಳಿಗೆ ಗೊತ್ತೇ ಆಗುವುದಿಲ್ಲ. ರೊಟ್ಟಿ ಬೇಯಿಸುತ್ತಲೇ ಇರುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

"ನಿಮಗ ಹೇಳಾಕ ಕುಂತಾಗ ಅವನ್ನ ತಿರುಗಿ ಕಳಸಾಕ ನನಗ ಬಾಯಿ ಬರಲಿಲ್ಲವ್ವ," ಎಂದಳು. "ಒಮ್ಮೆ ಒಳಗ ಕರದೆ. ಈಗ ಇವತ್ತ ಅವರೆಲ್ಲಾರೂ ಕುಂತು ಅಂವ ಹೋಗೂದ ನೋಡತಾರ."

ಸುಳ್ಳು ಹೊರಬೀಳುವುದಕ್ಕೆ ಅವಳು ಹೆದರಿರಲಿಲ್ಲ. ಅಷ್ಟು ನನಗೂ ತಿಳಿಯಿತು. ಆರು ತಿಂಗಳು ಇಡೀ ಓಣಿ ಅವನನ್ನು ಒಳಗೆ ಕರೆದು ಕೂರಿಸಿತ್ತು. ಇನ್ನು ಮೇಲೆ ಒಬ್ಬರೂ ಕರೆಯುವುದಿಲ್ಲ.

ಡೇರೆಯಲ್ಲಿ ಯಂತ್ರ ನಡೆಸುವವನು ಲಕ್ಷ್ಮೇಶ್ವರದ ಮಾಶಾಕ ಎಂಬವನು. ಯಂತ್ರ ಒಂದೇ ಇದ್ದುದರಿಂದ ರೀಲು ಬದಲಿಸುವಾಗೆಲ್ಲ ಆಟ ನಿಲ್ಲುತ್ತಿತ್ತು. ಆಗ ಅವನೇ ಎದ್ದುನಿಂತು ಹಿಂದಿಯ ಕತೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ನಡುನಡುವೆಯೂ ಕೂಗಿ ಹೇಳುತ್ತಿದ್ದ. ನಾವು ಹೋದಾಗ ಬಟ್ಟೆಯಿಂದ ಯಂತ್ರ ಒರೆಸುತ್ತಿದ್ದ. ಅಮೃತವ್ವ ಆ ಒಂದು ತುಂಡು ತೋರಿಸಬೇಡಿರೆಂದು ಕೇಳಿಕೊಂಡಳು. ಅವನು ನಗಲಿಲ್ಲ. ಎಲ್ಲ ಕೇಳಿಸಿಕೊಂಡ.

"ಅಕ್ಕಾರ, ಮೂರೂ ಊರಾಗ ಮಂದಿ ಅದೊಂದ ಸೀನಿಗೆ ಎರಡೆರಡ ಸಲ ಬಂದಾರ. ಅದನ್ನ ತಗದರ ಮಾಲಕ ನನ್ನ ತಗೀತಾನ."

ಹಾಗಾದರೆ ಬಾಯಿಂದಾದರೂ ಬೇರೆ ಹೇಳಿ ಎಂದಳು.

"ಬಾಯಿಲೆ ಏನ ಬೇಕಾದ್ದ ಹೇಳಬಹುದು. ಮಂದಿ ಕಣ್ಣ ಕಟ್ಟಾಕ ಆಗತೈತೇನ್ರಿ?" ಎಂದು ಮತ್ತೆ ಯಂತ್ರ ಒರೆಸತೊಡಗಿದ. ಆಮೇಲೆ, "ಅಲ್ಲಿ ನಾ ಏನೂ ಹೇಳಂಗಿಲ್ಲ. ಸುಮ್ಮನ ನಿಂದರತೀನಿ. ನನ್ನ ಕಡಿಂದ ಆಗೂದ ಅಷ್ಟ," ಎಂದ.

ಸಂಜೆ ಹೋದೆವು. ಅಮೃತವ್ವ ನನ್ನ ಪಕ್ಕ ಕೂತಳು. ಕತೆ ಬಾಯಿಪಾಠವಾಗಿದ್ದರಿಂದ ನಮ್ಮವರು ಮಾಶಾಕನಿಗಿಂತ ಮೊದಲೇ ಎಲ್ಲ ಹೇಳುತ್ತಿದ್ದರು. ಈಗ ಅತ್ತಿ ಬರತಾಳ ನೋಡು ಎಂದರೆ ಅತ್ತೆ ಬರುತ್ತಿದ್ದಳು. ಸಾಹುಕಾರ ಅಮೃತವ್ವನ ಹಾಗೆ ಕೆಮ್ಮುವುದಿಲ್ಲವೆಂದು ನಮ್ಮತ್ತೆಗೆ ಬೇಸರ. ಗಂಡಸರ ಕಡೆಯಿಂದ ಯಾರೋ, ಅವ್ವಗೋಳ್ರ್ಯಾ, ಸಿನಿಮಾ ನೀವ ತೋರಸಾಕತ್ತೀರೇನು, ಅಂವ ತೋರಸಾಕತ್ತಾನೋ ಎಂದು ಚೇಷ್ಟೆ ಮಾಡಿದ.

ಕೊನೆಯ ರೀಲು ಬಂತು. ಒಲೆ, ರೊಟ್ಟಿ, ಅವಳ ಬೆನ್ನು. ಹೊಸ್ತಿಲಲ್ಲಿ ಗಂಡ ಬಂದು ನಿಂತ. ಗಡ್ಡ ಬೆಳೆದಿತ್ತು, ಕಾಲು ಮೊಣಕಾಲತನಕ ಧೂಳಾಗಿತ್ತು. ಅಮೃತವ್ವ ನನ್ನ ಮುಂಗೈ ಹಿಡಿದಳು. ಮಾಶಾಕ ಮಾತಾಡಲಿಲ್ಲ. ಗಂಡ ನಿಂತ, ನೋಡಿದ, ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಆಮೇಲೆ ಮೆಲ್ಲಗೆ ತಿರುಗಿ ಪರದೆಯ ಅಂಚಿನಾಚೆ ಹೋದ.

ಡೇರೆಯೊಳಗೆ ಯಂತ್ರದ ಸಪ್ಪಳವೊಂದೇ. ಗಂಡಸರ ಕಡೆ ಯಾರೋ ಮೂಗು ಒರೆಸಿಕೊಂಡರು. ಆಗ ನಮ್ಮತ್ತೆ ಪಕ್ಕದವಳಿಗೆ ಸಮಾಧಾನದಿಂದ ಹೇಳಿದ್ದು ಕೇಳಿಸಿತು: "ಕಾಲ ತೊಳಕೊಳ್ಳಾಕ ಹೋದ ನೋಡ."

ಒಬ್ಬಳು ಹೌದೆಂದಳು. ಇನ್ನೊಬ್ಬಳು, ಬಾವಿ ಹಿತ್ತಲದಾಗ ಇರಬೇಕೆಂದಳು. ಪರದೆಯ ಮೇಲೆ ಅವಳು ರೊಟ್ಟಿ ತಿರುವಿ ಹಾಕುತ್ತಿದ್ದಳು. ಅಷ್ಟರಲ್ಲಿ ನಮ್ಮ ಹೆಂಗಸರು, ಯಾರೂ ಯಾರಿಗೂ ಸನ್ನೆ ಮಾಡದೆ, ಕೂಡಿಯೇ ಅಂದರು:

"ಕಾಲ ತೊಳಕೊಂಡ ಬರ್ರಿ. ರೊಟ್ಟಿ ಆರತಾವು."

ಆಟ ಮುಗಿಯಿತು. ದೀಪ ಹತ್ತಿದಾಗ ಎಲ್ಲರ ಮುಖದಲ್ಲಿಯೂ ಉಂಡು ಎದ್ದ ತೃಪ್ತಿ ಇತ್ತು. ತಿಪ್ಪವ್ವ ಕಣ್ಣುಜ್ಜಿಕೊಳ್ಳುತ್ತ, ಖರೆ ಐತಿ ಎಂದಳು. ಹದಿನೇಳು ಮಂದಿಯಲ್ಲಿ ಅವನು ಹೋದದ್ದನ್ನು ಕಂಡವರು ನಾವಿಬ್ಬರೇ.

ಮರುದಿನ ಮುಂಜಾನೆ ಅಮೃತವ್ವ ಮತ್ತೆ ನನ್ನನ್ನು ಕರೆದುಕೊಂಡು ಡೇರೆಗೆ ಹೋದಳು. ಮಾಶಾಕ ಚಹಾ ಕುಡಿಯುತ್ತಿದ್ದ. ನಿಮ್ಮ ಓಣಿ ಹೆಣ್ಮಕ್ಕಳು ನನ್ನ ಹೊಟ್ಟಿಮ್ಯಾಲೆ ಹೊಡೀತಾರ, ನನಗಿಂತ ಚಲೋ ಹೇಳತಾರ ಎಂದು ನಕ್ಕ. ಅವಳು ನಗಲಿಲ್ಲ. ಅಂವ ತಿರುಗಿ ಹೋದ ಕಡೆ ಏನೈತಿ, ಹಾದಿ ಐತೋ ಬಾವಿ ಐತೋ, ನೀವು ಎಷ್ಟೋ ಸಲ ನೋಡೀರಿ, ಹೇಳ್ರಿ ಎಂದಳು.

ಮಾಶಾಕ ಬಟ್ಟಲು ಕೆಳಗಿಟ್ಟ.

"ಎರಡೂ ಇಲ್ಲರಿ ಅಕ್ಕಾರ. ಅದು ಸ್ಟುಡಿಯೋ. ಆ ಮನಿಗೆ ಇದ್ದದ್ದ ಎರಡ ಗ್ವಾಡಿ. ಅಂವ ಹೋದಲ್ಲೆ ದೀಪ ಹಿಡಕೊಂಡ ಮಂದಿ, ಕೆಲಸದ ಮಂದಿ ನಿಂತಿರತಾರ."

"ಪರದೆ ಬರಿಯೋ ಮಂದಿನೂ ಇರತಾರೇನ್ರಿ?"

ಅವನು ಅವಳ ಮುಖ ನೋಡಿದ. ಇರತಾರ ಎಂದ.



ಅವತ್ತು ಮಧ್ಯಾಹ್ನ ಮಗ್ಗಗಳು ಎಂದಿನಂತೆ ನಡೆದಿದ್ದವು. ನಮ್ಮತ್ತೆಗೆ ಒಂದೇ ಅಸಮಾಧಾನ. ಆ ಸಿನಿಮಾದವರು ಜಿಪುಣರು, ಅವನು ಕಾಲು ತೊಳೆದು ಬಂದದ್ದನ್ನು ತೋರಿಸಲಿಲ್ಲ, ಉಂಡದ್ದನ್ನು ತೋರಿಸಲಿಲ್ಲ. ಉಳಿದವರೂ ದನಿಗೂಡಿಸಿದರು. ಬಂದು ಕೂತ ಮೇಲೆ ಅವನು ಏನಂದಿರಬೇಕು, ಅದನ್ನು ನೀನೇ ಹೇಳು ಎಂದು ಅಮೃತವ್ವನ ಬೆನ್ನು ಹತ್ತಿದರು.

ಅವಳು ರಾಟಿ ತಿರುಗಿಸುತ್ತ ಶುರುಮಾಡಿದಳು. ಬಂದು ಕೂತ ಎಂದಳು. ತಾಟು ಮುಂದೆ ಎಳೆದುಕೊಂಡ. ರೊಟ್ಟಿ ಮುರಿದ. ಮುರಿದು ಬಾಯಿಗಿಟ್ಟುಕೊಂಡ. ಆಮೇಲೆ ಅವಳ ಕಡೆ ನೋಡಿ...

ರಾಟಿ ನಿಂತಿತು. ನಾವು ಕಾದೆವು. ಕುದುರೆಯ ಕೆನೆತ ತೆಗೆಯುವ ಬಾಯಿಗೆ ಅವನ ಒಂದು ಮಾತೂ ಬರಲಿಲ್ಲ. ಆರು ತಿಂಗಳು ಹೇಳಿದ ಸೀನಿನೊಳಗೆ ಆ ಗಂಡ ಒಂದು ಮಾತೂ ಆಡಿರಲಿಲ್ಲವೆಂದು ನನಗೆ ಆಗ ಹೊಳೆಯಿತು.

"ಮಂಜಕ್ಕಾ," ಎಂದಳು ಮೆಲ್ಲಗೆ, "ನಮ್ಮನಿಯವರು ಹೆಂಗ ಮಾತಾಡತಿದ್ದರು? ನನಗ ಮಾರಿ ನೆನಪೈತಿ, ಕೈ ನೆನಪೈತಿ. ದನಿ ಎಲ್ಲೋ ಹೋತವ್ವ."

ಮಗ್ಗಗಳು ನಿಂತವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆ ಹೊಸ್ತಿಲಲ್ಲಿ ಇಷ್ಟು ದಿನ ನಿಂತಿದ್ದವನು ಯಾರೆಂಬುದು ಅಷ್ಟೂ ಮಂದಿಗೆ ಒಮ್ಮೆಲೇ ತಿಳಿದಿರಬೇಕು. ಓಣಿಯಲ್ಲಿ ಎಲ್ಲರಿಗಿಂತ ಹರಿತ ನಾಲಗೆಯ ನಮ್ಮತ್ತೆ ಕುಣಿಯಿಂದ ಕಾಲು ಮೇಲೆತ್ತಿ ಕೂತಳು. ಗಂಟಲು ಸರಿಮಾಡಿಕೊಂಡಳು. ಸ್ವಲ್ಪ ಮೂಗಿನಿಂದ, ಎಳೆದು ಎಳೆದು ಅಂದಳು:

"ಉಪ್ಪು ಒಂದ ಹರಳ ಕಡಿಮಿ ಆಗೇತಿ ನೋಡ... ಇರಲಿ, ನಡೀತೈತಿ."

ಅಷ್ಟ ಮೂಗಿಲೆ ಅಲ್ಲ ಎಂದಳು ಎದುರುಮನೆಯ ಕರೆವ್ವ. ಅಂದಪ್ಪಣ್ಣ ನಡುವ ನಕ್ಕೋತ ಮಾತಾಡತಿದ್ದ. ಅವಳು ನಕ್ಕು ಅಂದು ತೋರಿಸಿದಳು. ಇಲ್ಲ, ನಗೂದು ಆಮ್ಯಾಲೆ, ಮೊದಲು ನೋಡ ಅಂತಿದ್ದ ಎಂದಳು ತಿಪ್ಪವ್ವ. ಒಬ್ಬಳು 'ಇರಲಿ' ಎನ್ನುವುದನ್ನು ಗಂಟಲ ಆಳಕ್ಕೆ ಇಳಿಸಿದಳು. ಇನ್ನೊಬ್ಬಳು ಕೊನೆಯಲ್ಲಿ ಸಣ್ಣದೊಂದು ಉಸಿರು ಬಿಟ್ಟಳು. ಹಾಗೇ ಒಬ್ಬರ ದನಿಯನ್ನು ಇನ್ನೊಬ್ಬರು ತಿದ್ದುತ್ತ ಹೋದರು. ನಾನು ಎಂದೂ ಕಾಣದ ಒಬ್ಬ ಮನುಷ್ಯ, ಮಗ್ಗಗಳ ನಡುವೆ, ರೊಟ್ಟಿ ಮುರಿಯುತ್ತ ಮಾತಾಡತೊಡಗಿದ.

ಅಮೃತವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎಲ್ಲರೂ ತಿದ್ದಿದ್ದನ್ನು ಕೂಡಿಸಿ ಕರೆವ್ವ ಅಂದು ನಿಲ್ಲಿಸಿದಾಗ ಕಣ್ಣು ತೆರೆಯಲಿಲ್ಲ.

"ಈಗ ದನಿ ಬಂತು," ಎಂದಳು. "ಇನ್ನೊಮ್ಮೆ ಅನ್ನು."