ಮರಿಗೆ ಹೆದರಿಕೆ ಕಲಿಸಿದ್ದು

"ಕೆಳಗೆ ನೋಡಬೇಡ ಅಂದ್ರೆ ಕೆಳಗೇ ನೋಡ್ತಾಳಲ್ಲ ಇವಳು!"

ಶಿಬಿರದ ಗೆಳೆಯ ಸೂಫ್ಯಾನನ ಕೂಗು ಬಂಡೆಗೆ ಬಡಿದು ಮೇಲಕ್ಕೆ ಬಂತು. ನುಹೈಲಾ ಹಗ್ಗದಲ್ಲಿ ತೂಗುತ್ತಿದ್ದಳು. ಎರಡೂ ಪಾದಗಳನ್ನು ಬಂಡೆಗೆ ಒತ್ತಿ, ಬೆನ್ನನ್ನು ಗಾಳಿಗೆ ಒಪ್ಪಿಸಿ, ಇಳಿಯುತ್ತಿದ್ದವಳು ಅರ್ಧದಲ್ಲಿ ನಿಂತುಬಿಟ್ಟಿದ್ದಳು. ಕೆಳಗೆ ಶಿಬಿರದ ಹನ್ನೊಂದು ಹುಡುಗ ಹುಡುಗಿಯರು ಕತ್ತೆತ್ತಿ, ಬಾಯಿ ತೆರೆದು ಕಾಯುತ್ತಿದ್ದರು. ಅವಳು ಹೆದರಿದ್ದಾಳೆಂದು ಅವರಿಗೆ ಖಾತ್ರಿಯಾಗಿತ್ತು.

ಅವಳು ನೋಡುತ್ತಿದ್ದದ್ದು ಅವರ ಹಿಂದೆ. ದೇವದಾರು ಮರದ ಬುಡದಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು, ಬಲಗಿವಿ ಹರಿದ ಆ ಮರಿ ಕೂತಿತ್ತು. ಬಾಲವಿಲ್ಲದ ಕೋತಿಯ ಮರಿ. ಶಿಬಿರದಿಂದ ಈ ಬಂಡೆಗೆ ಒಂದು ಗಂಟೆಯ ದಾರಿ. ಅಷ್ಟು ದೂರ ಅವಳ ಹಿಂದೆಯೇ ಬಂದಿತ್ತು.

ಹಗ್ಗ ಸಡಿಲಿಸಿ ಸರ್ರನೆ ಇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಹೆದರಿಕೆ ಆಗ್ಲಿಲ್ವಾ?" ಸೂಫ್ಯಾನ್ ಕೇಳಿದ.

"ಇಲ್ಲ."

"ಸುಳ್ಳು ಹೇಳ್ಬೇಡ. ಅರ್ಧದಲ್ಲಿ ಬಟ್ಟೆ ಒಣಗಿಹಾಕಿದಂಗೆ ನೇತಾಡ್ತಿದ್ದೆ."

"ಇಲ್ಲ ಅಂದ್ನಲ್ಲ."

ನಿಜಕ್ಕೂ ಆಗಿರಲಿಲ್ಲ. ಅದೇ ಅವಳ ಬೇಸರ. ಇಪ್ಪತ್ತು ದಿನಗಳಲ್ಲಿ ಬಂಡೆ ಇಳಿದಿದ್ದಳು, ಗುಹೆ ಹೊಕ್ಕಿದ್ದಳು, ಎದೆಮಟ್ಟದ ಹೊಳೆ ದಾಟಿದ್ದಳು. ಪ್ರತಿ ಸಲವೂ ಕೈಕಾಲು ಚೆನ್ನಾಗಿಯೇ ಕೆಲಸ ಮಾಡಿದ್ದವು. ಒಳಗೆ ಯಾರೋ ಬಾಗಿಲು ಹಾಕಿಕೊಂಡು ಹೊರಗೆ ಹೋದಂತಿತ್ತು. ಹೀಗೆ ಏನೂ ಅನ್ನಿಸದವರ ಬಗ್ಗೆ ಪುಸ್ತಕಗಳಲ್ಲಿ ಓದಿದ್ದಳು. ಅವರೆಲ್ಲ ನಲವತ್ತು ದಾಟಿದವರು, ಸಿಗರೇಟು ಸೇದುವವರು. ಅವಳಿಗೆ ಹದಿನಾರು.

ಹೆದರಿಕೆ ಇದ್ದದ್ದು ಆ ಮರಿಯ ವಿಷಯದಲ್ಲಿ ಮಾತ್ರ.

ತಪ್ಪು ಅವಳದೇ. ಮೊದಲ ದಿನ ಬಸ್ಸಿಳಿದು ಐದು ನಿಮಿಷವಾಗಿರಲಿಲ್ಲ. ಮರಿ ಬಂದು ಕೈಚಾಚಿತು. ಅವಳು ತಿನ್ನುತ್ತಿದ್ದ ಜರದಾಳು ಹಣ್ಣಿನಲ್ಲಿ ಅರ್ಧ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಪುಟ್ಟ, ಒಣಗಿದ, ಬೆಚ್ಚನೆಯ ಬೆರಳು. ಅದರ ತುದಿಗೆ ಅಚ್ಚುಕಟ್ಟಾದ ಉಗುರು. ಆಮೇಲೆ ನಿಯಮಗಳ ಹಾಳೆ ಹಂಚಿದರು. ಅದರ ಮೊದಲ ಸಾಲು, ಪ್ರಾಣಿಗಳಿಗೆ ಏನನ್ನೂ ಕೊಡಕೂಡದು ಎಂದಿತ್ತು.

ಹಾಳೆ ಹಂಚಿದವರು ಶಿಬಿರದ ಯಜಮಾನ್ತಿ; ಹೆಸರು ಇತ್ತೊ, ಗೌರವಕ್ಕೆ ಎಲ್ಲರೂ 'ಲಲ್ಲ' ಸೇರಿಸಿ ಲಲ್ಲ ಇತ್ತೊ ಅನ್ನುತ್ತಿದ್ದರು. ಇದೇ ಬೆಟ್ಟದಲ್ಲಿ ಹುಟ್ಟಿ, ರಾಜಧಾನಿ ರಬಾತಿಗೆ ಹೋಗಿ ಪ್ರಾಣಿಶಾಸ್ತ್ರ ಓದಿ, ಮತ್ತೆ ಇದೇ ಬೆಟ್ಟಕ್ಕೆ ಬಂದ ಹೆಂಗಸು. ಯಾರನ್ನೂ ಹೊಗಳಿದವರಲ್ಲ. ಕೆಲಸವನ್ನು ಅವರು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. "ರಸ್ತೆ ಬದಿಯಲ್ಲಿ ಜನ ಕಡಲೇಕಾಯಿ ಕೊಡ್ತಾರೆ, ಇವು ಕಾಡು ಬಿಟ್ಟು ರಸ್ತೆಗೆ ಬರ್ತವೆ, ಕಾರಿಗೆ ಸಿಕ್ಕಿ ಸಾಯ್ತವೆ, ಇಲ್ಲಾ ಯಾರದೋ ಚೀಲ ಸೇರ್ತವೆ. ನೀವು ಇವನ್ನ ಹೆದರಿಸಿ ವಾಪಸ್ ಕಾಡಿಗೆ ಅಟ್ಟಬೇಕು."

ಕಾಪಾಡಲು ಬಂದವರಿಗೆ ಹೆದರಿಸುವ ಕೆಲಸ. ಡಬ್ಬಿ ಬಡಿಯುವುದು, ಕಿರುಚುವುದು, ದೇವದಾರು ಕಾಯಿಯನ್ನು ತಾಗದಂತೆ ಪಕ್ಕಕ್ಕೆ ಎಸೆಯುವುದು. ಶಾಲೆಯ ಹ್ಯಾಂಡ್‌ಬಾಲ್ ತಂಡದಲ್ಲಿದ್ದ ನುಹೈಲಾಳ ಗುರಿ ಬೆರಳಗಲವೂ ತಪ್ಪುತ್ತಿರಲಿಲ್ಲ. ಎರಡು ವಾರದಲ್ಲಿ ಹಿಂಡಿಗೆ ಹಿಂಡೇ ಪಾಠ ಕಲಿತಿತು. ಶಿಬಿರದವರ ಹಸಿರು ಟೋಪಿ ಕಂಡರೆ ಮರ ಹತ್ತುತ್ತಿತ್ತು.

ಈ ಮರಿಯೊಂದು ಕಲಿಯಲಿಲ್ಲ. ಬೇರೆಯವರು ಡಬ್ಬಿ ಬಡಿದರೆ ನುಹೈಲಾಳ ಕಾಲ ಬಳಿ ಓಡಿ ಬರುತ್ತಿತ್ತು. ಅವಳೇ ಬಡಿದರೆ ಆಟವೆಂದುಕೊಂಡು ಕುಣಿಯುತ್ತಿತ್ತು. ಇದರ ಜೊತೆಯ ಇನ್ನೊಂದು ಮರಿಯನ್ನು ಮೇ ತಿಂಗಳಲ್ಲಿ ಯಾರೋ ಗೋಣಿಯಲ್ಲಿ ತುಂಬಿಕೊಂಡು ಹೋಗಿದ್ದರು. ನಿನ್ನೆ ಲಲ್ಲ ಇತ್ತೊ ತೀರ್ಮಾನ ಹೇಳಿದ್ದರು. "ನಾಳೆ ಸಂಜೆ ತನಕ ನೋಡ್ತೀನಿ. ಆಗಲೂ ಮನುಷ್ಯರ ಹತ್ರ ಬಂದ್ರೆ ನಾಡಿದ್ದು ಪಂಜರದ ಗಾಡಿ ತರಿಸ್ತೀನಿ. ಮೃಗಾಲಯದಲ್ಲಾದ್ರೂ ಬದುಕಿರುತ್ತೆ."

ಆ ನಾಳೆ ಇವತ್ತು. ಶಿಬಿರದ ಕೊನೆಯ ದಿನ.

ಬಂಡೆಯಿಂದ ಹಿಂತಿರುಗುವ ದಾರಿಯಲ್ಲಿ ಲಲ್ಲ ಇತ್ತೊ ಅವಳ ಪಕ್ಕಕ್ಕೆ ಬಂದರು. ಮರಿ ಹತ್ತು ಹೆಜ್ಜೆ ಹಿಂದೆ, ನೆಂಟರ ಮನೆಗೆ ಹೊರಟಂತೆ ನಿಶ್ಚಿಂತೆಯಿಂದ ಬರುತ್ತಿತ್ತು.

"ನಾನು ಪ್ರಯತ್ನ ಮಾಡಿದೀನಿ, ಲಲ್ಲ."

"ಮಾಡಿದೀಯ. ನಗ್ತಾ ನಗ್ತಾ ಮಾಡಿದೀಯ."

"ನಕ್ಕಿಲ್ಲ."

"ಬಾಯಲ್ಲಿ ನಕ್ಕಿಲ್ಲ. ಅದು ನಿನ್ನ ಬಾಯಿ ನೋಡಲ್ಲ ಮಗಳೇ, ಕಣ್ಣು ನೋಡುತ್ತೆ."

ದಾರಿಗೆ ಅಡ್ಡ ಬಂದ ಕೊಂಬೆಯೊಂದನ್ನು ಲಲ್ಲ ಇತ್ತೊ ಪಕ್ಕಕ್ಕೆ ಸರಿಸಿದರು.

"ನನ್ನ ಕೊನೇ ಮಗ," ಅಂದರು ಲಲ್ಲ ಇತ್ತೊ, "ಮೂರು ವರ್ಷ ಆದ್ರೂ ಹಾಲು ಬಿಡಲಿಲ್ಲ. ಎದೆಗೆ ಕಹಿ ಲೋಳೆಸರ ಹಚ್ಕೊಂಡೆ. ಒಂದು ಸಲ ಬಾಯಿ ಹಾಕಿದ. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದ. ಅಳಲಿಲ್ಲ. ಸುಮ್ಮನೆ ನೋಡಿದ."

"ಆಮೇಲೆ?"

"ಆಮೇಲೆ ಏನು? ರೊಟ್ಟಿ ತಿಂದ."

ಲಲ್ಲ ಇತ್ತೊ ಮುಂದೆ ಹೋದರು. ಆ ನೋಟ ಎಲ್ಲಿ ಹೋಯಿತು ಎಂದು ಕೇಳಬೇಕೆಂದುಕೊಂಡಳು ನುಹೈಲಾ.

ಮಧ್ಯಾಹ್ನ ರಸ್ತೆ ಬದಿಯ ಹುಲ್ಲಿನ ಮೇಲೆ ಊಟ. ರೊಟ್ಟಿ, ಆಲಿವ್, ಬೇಯಿಸಿದ ಮೊಟ್ಟೆ. ಎದುರಿಗೆ ಮೋಹಾನ ಕಡಲೇಕಾಯಿ ಗಾಡಿ. ಮೋಹಾಗೆ ಈ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ಅವರಿಲ್ಲದೆ ಹೊತ್ತೂ ಹೋಗುತ್ತಿರಲಿಲ್ಲ.

"ಏನಮ್ಮಾ ಡಾಕ್ಟ್ರ ಮಗಳೇ," ಅವನು ಅಲ್ಲಿಂದಲೇ ಕೂಗಿದ, "ನಿನ್ನ ಕೋತಿ ಪರೀಕ್ಷೇಲಿ ಪಾಸಾಯ್ತಾ?"

"ಇನ್ನೂ ಸಂಜೆ ತನಕ ಟೈಮಿದೆ, ಮೋಹಾ ಚಿಕ್ಕಪ್ಪ."

"ಅಯ್ಯೋ, ಅದಕ್ಕೆ ಎಲ್ಲಾ ಗೊತ್ತು. ಗೊತ್ತಿಲ್ಲದೆ ಇರೋದು ನಿಮಗೆ. ಹೊಟ್ಟೆ ಹಸಿದವನಿಗೆ ಹೆದರಿಕೆ ಕಲಿಸ್ತಾರಂತೆ!"

ರಸ್ತೆಯಾಚೆ, ದೂರದ ಕೊಂಬೆಯೊಂದರ ಮೇಲೆ, ಎರಡು ಗಂಡು ಕೋತಿಗಳು ಎದುರುಬದುರು ಕೂತಿದ್ದವು. ಒಂದರ ಹೊಟ್ಟೆಗೆ ಕೂಸೊಂದು ಅಂಟಿಕೊಂಡಿತ್ತು. ಅದು ಕೂಸನ್ನು ಬಿಡಿಸಿ ನಡುವೆ ಹಿಡಿಯಿತು. ಎರಡೂ ಕೂಸಿನ ಮೇಲೆ ಬಾಗಿ ಹಲ್ಲು ಕಟಕಟಿಸಿದವು. ಜಗಳ ತಪ್ಪಿತು. ಕೂಸು ಆಕಾಶ ನೋಡುತ್ತಿತ್ತು.

"ನಮ್ಮಪ್ಪ ಮದುವೆ ಮನೆಗಳಲ್ಲಿ ಹಿಂಗೇ ಮಾಡೋದು," ಅಂದ ಸೂಫ್ಯಾನ್. "ದುಡ್ಡಿನವರು ಸಿಕ್ಕಿದ ತಕ್ಷಣ ನನ್ನ ಮುಂದೆ ಹಿಡೀತಾನೆ. ನಮ್ಮ ಹುಡುಗ ಗಣಿತದಲ್ಲಿ ಫಸ್ಟು ಅಂತ."

ಎಲ್ಲರೂ ನಕ್ಕರು. ನುಹೈಲಾ ಸ್ವಲ್ಪ ತಡವಾಗಿ ನಕ್ಕಳು. ಶುಕ್ರವಾರದ ಕೂಸ್‌ಕೂಸ್ ಊಟಕ್ಕೆ ಬಂದ ಡಾಕ್ಟರುಗಳ ನಡುವೆ ಅವಳೂ ನಿಂತದ್ದುಂಟು, ಫ್ರೆಂಚಿನಲ್ಲಿ ಉತ್ತರ ಹೇಳುತ್ತಾ. ಅಪ್ಪ ಕೆಟ್ಟವರಲ್ಲ. ಅವಳನ್ನು ಎತ್ತಿ ಹಿಡಿದ ಕೈಗಳು ಬೆಚ್ಚಗೇ ಇದ್ದವು.

ಅದೇ ಹೊತ್ತಿಗೆ ಕಾಸಾಬ್ಲಾಂಕಾದಿಂದ ಅಪ್ಪನ ಫೋನು.

"ಬಂಡೆ ಇಳಿದೆಯಂತೆ! ವೀಡಿಯೋ ನೋಡ್ದೆ ಮಗಳೇ. ಎಲ್ಲರಿಗೂ ಕಳಿಸ್ದೆ."

"ಹೂಂ, ಬಾಬಾ."

"ಇನ್ನೊಂದೇ ಒಂದು ಬೇಕು. ಭುಜದ ಮೇಲೆ ಕೋತಿಮರಿ ಕೂರಿಸ್ಕೊಂಡು ಒಂದು ಫೋಟೋ. ಕಾಲೇಜಿನ ಅರ್ಜಿಗೆ ಚೆನ್ನಾಗಿರುತ್ತೆ."

"ಹಂಗೆ ಮಾಡೋ ಹಾಗಿಲ್ಲ."

"ಯಾಕೆ? ಅದು ಕಚ್ಚುತ್ತಾ?"

"ಇಲ್ಲ. ಕೂತ್ಕೊಳ್ಳುತ್ತೆ. ಅದೇ ತೊಂದರೆ."

"ಮತ್ತೆ ಇಪ್ಪತ್ತು ದಿನ ಅಲ್ಲಿ ಏನು ಮಾಡ್ದೆ?"

ಅವಳು ರಸ್ತೆಗೆ ಬೆನ್ನು ಹಾಕಿದಳು. ಸಿಗ್ನಲ್ ಇಲ್ಲವೆಂದು ಹೇಳಿ ಇಟ್ಟಳು.

ಫೋನು ಜೇಬಿಗೆ ಹಾಕಿ ತಿರುಗಿದಾಗ, ಹತ್ತಿರದಲ್ಲೇ ಕೂತಿದ್ದ ಮರಿ ಅಲ್ಲಿರಲಿಲ್ಲ.

ಗಾಡಿಯ ಹತ್ತಿರ ಬಿಳಿ ಕಾರೊಂದು ನಿಂತಿತ್ತು. ಇಬ್ಬರು ಯುವಕರು. ಒಬ್ಬ ಹಿಂದಿನ ಬಾಗಿಲು ತೆರೆದು ಬಾಳೆಹಣ್ಣು ಹಿಡಿದಿದ್ದ. ಮರಿ ಸೀಟಿನ ಮೇಲೆ ಕೂತು, ಎರಡೂ ಕೈಯಲ್ಲಿ ಹಣ್ಣು ಹಿಡಿದು, ಅಚ್ಚುಕಟ್ಟಾಗಿ ಸಿಪ್ಪೆ ಸುಲಿಯುತ್ತಿತ್ತು.

"ಬಾಗಿಲು ಹಾಕೋ," ಅಂದ ಸ್ಟೀರಿಂಗ್ ಹಿಡಿದಿದ್ದವನು, ನಗುತ್ತಾ. "ಅಜ್ಜಿಗೆ ಮೊಮ್ಮಗ ಬೇಕು ಅಂತಿದ್ಲಲ್ಲ."

"ಏಯ್, ಅದನ್ನ ಇಳಿಸ್ರೋ!" ಮೋಹಾ ಕೂಗಿದ. ಕಡಲೇಕಾಯಿ ಮಾರುವವನಿಗೂ ಒಂದು ಮಿತಿಯಿತ್ತು.

ಬಾಗಿಲು ಅರ್ಧ ಮುಚ್ಚಿತ್ತು. ನುಹೈಲಾ ಓಡಿದಳು. ರಸ್ತೆ ದಾಟಿದ್ದು ಅವಳಿಗೆ ನೆನಪಿಲ್ಲ. ಎರಡೂ ಕೈಯಿಂದ ಬಾಗಿಲು ಹಿಡಿದು ಜಗ್ಗಿದಳು.

"ಏನಮ್ಮಾ, ತಮಾಷೆಗೆ..."

"ತೆಗಿ!"

ಆ ದನಿ ಕೇಳಿ ಯುವಕ ಕೈಬಿಟ್ಟ. ದನಿ ಅವಳದೇ. ಎಲ್ಲಿಂದ ಬಂತೋ ಅವಳಿಗೂ ತಿಳಿಯಲಿಲ್ಲ. ಬಾಗಿಲು ತೆರೆಯಿತು. ಮರಿ ಹಣ್ಣು ಬಿಸಾಕಿ ಹೊರಗೆ ನೆಗೆದು, ಅವಳ ಕಾಲಿಗೆ ಸುತ್ತಿಕೊಂಡು, ಮುಖವನ್ನು ಮೊಣಕಾಲ ಹಿಂದೆ ಹುದುಗಿಸಿತು. ಅದರ ಎದೆ ಅವಳ ಕಾಲಿನ ಮೇಲೆ ಡವಡವ ಬಡಿಯುತ್ತಿತ್ತು. ಕಾರು ಹೊರಟುಹೋಯಿತು.

ಲಲ್ಲ ಇತ್ತೊ ರಸ್ತೆಯ ಆ ಬದಿಯಲ್ಲೇ ನಿಂತಿದ್ದರು. ಬಳಿಗೆ ಬರಲಿಲ್ಲ.

"ಈಗ," ಅಂದರು.

"ಈಗ ಬೇಡ, ಲಲ್ಲ. ಹೆದರಿದೆ ಅದು."

"ಅದಕ್ಕೇ ಈಗ."

ನುಹೈಲಾ ಬಗ್ಗಿ ನೋಡಿದಳು. ಹರಿದ ಕಿವಿ, ಬೆರಳುಗಳು, ಪ್ಯಾಂಟಿನ ಬಟ್ಟೆಯನ್ನು ಹಿಡಿದ ಹಿಡಿತ. ಜಗತ್ತಿನಲ್ಲಿ ಅವಳಿಂದ ಏನನ್ನೂ ಸಾಬೀತು ಮಾಡಿಸಿಕೊಳ್ಳದೆ ಅವಳನ್ನು ಹಿಡಿದುಕೊಂಡಿದ್ದ ಒಂದೇ ಜೀವ. ಅದನ್ನು ಎತ್ತಿಕೊಳ್ಳಲು ಅರ್ಧ ನಿಮಿಷ ಸಾಕು. ಪಂಜರದ ಗಾಡಿ ಬರಲು ಒಂದು ರಾತ್ರಿ.

ಅವಳು ಕಾಲು ಝಾಡಿಸಿದಳು. ಮರಿ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೂಕಿದಳು. ಅದು ಆಟವೆಂದುಕೊಂಡು ಮತ್ತೆ ಬಂತು. ಆಗ ಅವಳು ಅದರ ಕಣ್ಣಿಗೆ ಕಣ್ಣಿಟ್ಟು ಕಿರುಚಿದಳು. ಹೊಟ್ಟೆಯ ತಳದಿಂದ, ಗಂಟಲು ಹರಿಯುವಂತೆ, ಅಪ್ಪನ ಆ ಶುಕ್ರವಾರಗಳನ್ನೆಲ್ಲ ಸೇರಿಸಿ ಕಿರುಚಿದಳು. ನೆಲದಿಂದ ಹಸಿ ದೇವದಾರು ಕಾಯೊಂದನ್ನು ಎತ್ತಿ ಬೀಸಿದಳು.

ತಾಗಬಾರದಿತ್ತು. ಬೆನ್ನಿಗೆ ತಾಗಿತು. ಗುರಿಯಿಟ್ಟದ್ದು ಪಕ್ಕದ ಬೇರಿಗೋ, ಬೆನ್ನಿಗೋ, ಅವಳಿಗೇ ತಿಳಿಯಲಿಲ್ಲ.

ಮರಿ ಒಂದು ಗಳಿಗೆ ಕದಲಲಿಲ್ಲ. ತಲೆಯೆತ್ತಿ ಅವಳ ಮುಖ ನೋಡಿತು. ಆ ನೋಟ ಎಲ್ಲಿಗೆ ಹೋಗುತ್ತದೆಂದು ಈಗ ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆಮೇಲೆ ಓಡಿತು. ಹುಲ್ಲು ದಾಟಿ, ಬುಡ ಏರಿ, ಮೊದಲ ಕೊಂಬೆ, ಎರಡನೆಯದು, ಹತ್ತನೆಯದು. ಇಷ್ಟು ಎತ್ತರ ಅದು ಎಂದೂ ಹತ್ತಿರಲಿಲ್ಲ. ಮೇಲಿಂದ ದೊಡ್ಡ ಗಂಡೊಂದು ಇಳಿದು ಬಂದು ಮರಿಯನ್ನು ಹೊಟ್ಟೆಗೆ ಅವಚಿಕೊಂಡಿತು. ಆ ತೋಳುಗಳ ನಡುವಿನಿಂದ ಮರಿ ಬಾಯಿ ತೆರೆಯಿತು. ಗೊಗ್ಗರು ದನಿಯ, ಚಿಕ್ಕ, ಕಡಿದಿಟ್ಟಂಥ ಕೂಗು.

ಲಲ್ಲ ಇತ್ತೊ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಕೇಳಿದ್ಯಾ? ನಾಯಿ ಬಂದ್ರೆ, ಹದ್ದು ಬಂದ್ರೆ ಹಂಗೆ ಕೂಗ್ತವೆ. ಇದು ಈ ತನಕ ಒಂದು ಸಲಾನೂ ಕೂಗಿರಲಿಲ್ಲ. ಕಲೀತು, ಮಗಳೇ. ಕಲೀತು ಅದು!"

ರಸ್ತೆ ದಾಟಿ ಬಂದು ಅವಳ ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟರು. ಯಾರನ್ನೂ ಹೊಗಳದ ಹೆಂಗಸಿನ ಕಣ್ಣು ಒದ್ದೆಯಾಗಿತ್ತು. ಅಲ್ಲೇ ನಿಂತು ಫೋನು ಮಾಡಿ, ಗಾಡಿ ಬೇಡವೆಂದು ಹೇಳಿದರು.

"ನಿನ್ನನ್ನ ನೋಡಿ ನಾನೇ ಮರ ಹತ್ತಬೇಕು ಅಂತಿದ್ದೆ," ಅಂದ ಸೂಫ್ಯಾನ್. ಅವನ ದನಿಯಲ್ಲಿ ತಮಾಷೆ ಪೂರ್ತಿ ಇರಲಿಲ್ಲ.

ಮೋಹಾ ಒಂದು ಹಿಡಿ ಕಡಲೇಕಾಯಿ ತಂದು ಅವಳ ಕೈಗೆ ಸುರಿದ. "ತಿನ್ನು. ಇದು ಮನುಷ್ಯರಿಗೆ."

ಯಾರೂ ಫೋಟೋ ತೆಗೆದಿರಲಿಲ್ಲ. ತೆಗೆಯಲು ಏನಿತ್ತು? ಖಾಲಿ ಹುಲ್ಲು, ಒಂದು ಮರ, ಕೈ ಚಾಚಿ ನಿಂತ ಹುಡುಗಿ. ಅಪ್ಪನಿಗೆ ಕಳಿಸುವಂಥದ್ದು ಒಂದೂ ಇರಲಿಲ್ಲ. ಇಪ್ಪತ್ತು ದಿನಗಳಲ್ಲಿ ಅವಳು ಮಾಡಿದ ಒಂದೇ ಕೆಲಸ, ಹದಿನಾರು ವರ್ಷಗಳಲ್ಲಿ ಬಹುಶಃ ಒಂದೇ ಕೆಲಸ, ಯಾರ ಮುಂದೆಯೂ ಎತ್ತಿ ಹಿಡಿಯಲು ಬರುವಂತಿರಲಿಲ್ಲ. ಅವಳಿಗೆ ಸಂತೋಷವಾಯಿತು. ಕಾಯಿ ಎಸೆದ ಅಂಗೈಗೆ ಅಂಟು ಹತ್ತಿತ್ತು. ಪ್ಯಾಂಟಿಗೆ ಒರೆಸಿಕೊಂಡಳು, ಹೋಗಲಿಲ್ಲ.

"ಹೊರಡೋಣ," ಅಂದರು ಲಲ್ಲ ಇತ್ತೊ. "ಇವತ್ತು ನೀನು ಮುಂದೆ ನಡಿ."

ಶಿಬಿರದ ದಾರಿ ಕಾಡಿನೊಳಗೆ. ನುಹೈಲಾ ಮುಂದೆ, ಉಳಿದವರು ಇಪ್ಪತ್ತು ಹೆಜ್ಜೆ ಹಿಂದೆ. ಮಧ್ಯಾಹ್ನದ ಬಿಸಿಲು ಇನ್ನೂ ಮರಗಳ ಸೊಂಟದವರೆಗೆ ಇಳಿದಿತ್ತು. ಅವಳು ಒಂದು ಹೆಜ್ಜೆ ಇಟ್ಟಳು. ಮೇಲೆ ಮರಿ ಕೂಗಿತು. ಅದನ್ನು ಎತ್ತಿಕೊಂಡಿದ್ದ ಗಂಡು ಕೂಗಿತು. ಇನ್ನೂ ನಾಲ್ಕು ಹೆಜ್ಜೆ ಇಟ್ಟಳು. ಎಡಗಡೆಯ ಮರ ಕೂಗಿತು, ಬಲಗಡೆಯದು ಕೂಗಿತು, ಅದರಾಚೆಯದು ಕೂಗಿತು. ರಾಜರ ಸವಾರಿಯ ಮುಂದೆ ಪರಾಕು ಹೇಳುವವರಂತೆ ಆ ಕೂಗು ಅವಳಿಗಿಂತ ಮುಂದೆ ಮುಂದೆ ಓಡಿತು. ಅವಳು ಕಾಲಿಟ್ಟಿರದ ಇಳಿಜಾರುಗಳಿಗೆ, ಅವಳ ಹೆಸರು ಕೇಳಿರದ ಕಣಿವೆಗಳಿಗೆ ಅವಳು ಬರುತ್ತಿರುವ ಸುದ್ದಿ ಮುಟ್ಟಿಸಿತು. ಅವಳು ತಲುಪುವ ಮೊದಲೇ ಕೊಂಬೆಗಳು ಒಂದೊಂದಾಗಿ ಬರಿದಾಗುತ್ತಿದ್ದವು. ತೆರವಾದ ಆ ದಾರಿಯ ನಟ್ಟನಡುವೆ ನುಹೈಲಾ ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆಯೆತ್ತಿ ನಡೆದಳು.